ಆರ್ ಅಂದರೆ ರೈಟ್ ಅಲ್ಲ

ಬಸ್ಸಿನಲ್ಲಿ ಕಂಡಕ್ಟರು "ರೈಟ್" ಎಂದ ಕೂಡಲೇ ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತೇನೆ. ಬಸ್ಸು ಮುಂದಕ್ಕೇ ಹೊರಟಿದೆ ಎಂದು ಖಾತ್ರಿಯಾದ ಮೇಲೆ ಒಂದು ಕೈ ಬಿಡುತ್ತೇನೆ. ಪಕ್ಕದಲ್ಲಿ ಕೂತವರು, "ಯಾಕ್ರಿ ಸರ, ಆರಾಮ ಇಲ್ಲೇನು?" ಎಂದು ಕೇಳುತ್ತಾರೆ. ಆರಾಮಾಗಿಯೇ ಇದ್ದೇನೆ. ಆದರೆ ಆ ಮಾತು ಕಿವಿಗೆ ಬಿದ್ದರೆ ಸಾಕು, ಕಣ್ಣ ಮುಂದೆ ಒಂದು ಎಮ್ಮೆಯ ಮುಖ ಬರುತ್ತದೆ. ಬಂದದ್ದು ಸುಮ್ಮನೆ ನಿಲ್ಲುವುದಿಲ್ಲ, ದೊಡ್ಡದಾಗುತ್ತಾ ಹೋಗುತ್ತದೆ.

ಎಮ್ಮೆಯ ಸುದ್ದಿ ಹೇಳಬೇಕಾದರೆ ಮೊದಲು ನನ್ನ ಕೆಲಸದ ಸುದ್ದಿ ಹೇಳಬೇಕು. ನಿವೃತ್ತನಾಗುವವರೆಗೆ ನಾನು ಸಿಂದಗಿಯ ಒಂದು ಷೋರೂಮಿನಲ್ಲಿ ಕಾರು ಮಾರುತ್ತಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ನನ್ನ ಪಾಲಿಗೆ ಬಂದಿದ್ದವು. ಕಾಲೇಜಿನಲ್ಲಿ ಬಿ.ಕಾಂ. ಓದುವಾಗ, ಮಾರುವುದೆಂದರೆ ಗಿರಾಕಿಯ ಅಗತ್ಯವನ್ನು ಅರಿಯುವುದು ಎಂದು ಬರೆದುಕೊಂಡಿದ್ದೆ. ಷೋರೂಮಿಗೆ ಬಂದ ಮೊದಲ ಗಿರಾಕಿ ಕಾರಿನ ಬಾನೆಟ್ಟಿನ ಮೇಲೆ ಬೆರಳು ಮಡಚಿ ಬಾರಿಸಿ, ಕಿವಿಯಿಟ್ಟು ಕೇಳಿ, "ಭಾಳ ತೆಳ್ಳಗ ಐತಿ, ನಮ್ಮ ಮನ್ಯಾಗಿನ ರೊಟ್ಟಿ ಹಂಚು ಇದಕ್ಕಿಂತ ದಪ್ಪ ಐತ್ರಿ" ಎಂದು ಹೇಳಿ ಹೋದರು. ಬರೆದುಕೊಂಡದ್ದನ್ನು ಅಂದೇ ಬಿಟ್ಟೆ.

ಈಗ ಈ ಕೆಲಸಕ್ಕೆ ಬರುವವರಿಗೆ ಕೈಯಲ್ಲಿ ಹಲಗೆಯಂಥ ಟ್ಯಾಬು ಕೊಡುತ್ತಾರೆ. ನನಗೂ ಕೊನೆಯ ವರ್ಷಗಳಲ್ಲಿ ಕೊಟ್ಟರು. ನಮ್ಮ ಮ್ಯಾನೇಜರ್ ಸಾಹೇಬರು ಹೊರಗಿನವರು. ಸದಾ ಟೈ ಕಟ್ಟಿಕೊಂಡು ಬೇಸಿಗೆಯಲ್ಲಿ ಬೇಯುತ್ತಿದ್ದರು. ಫೋರ್ ವೀಲ್ ಡ್ರೈವ್ ಗಾಡಿ ಮಾರಲು ಅವರು ಒಂದು ವಿಡಿಯೋ ತೋರಿಸಲು ಹೇಳಿದರು. ಅದರಲ್ಲಿ ಒಂದು ಕುಟುಂಬ ಹಿಮದ ಬೆಟ್ಟ ಹತ್ತುತ್ತಾ ನಗುತ್ತಿತ್ತು. ಇಂಡಿಯ ಒಬ್ಬ ರೈತರಿಗೆ ತೋರಿಸಿದೆ. ಕೊನೆಯವರೆಗೂ ಗಮನವಿಟ್ಟು ನೋಡಿ, "ಇಷ್ಟ ಉಪ್ಪು ಯಾರ ಚೆಲ್ಯಾರ್ರೀ?" ಎಂದರು.

ಫೋರ್ ವೀಲ್ ಡ್ರೈವ್ ಎನ್ನುವುದನ್ನು ವಿವರಿಸುವುದೇ ಒಂದು ಪಾಡು. "ಎಲ್ಲಾ ಕಾರಿಗೂ ನಾಕ ಗಾಲಿನ ಇರ್ತಾವಲ್ಲರಿ, ನೀವು ಹೊಸಾದೇನ ಕೊಡಾಕತ್ತೀರಿ?" ಎಂದು ಕೇಳದವರಿಲ್ಲ. ಬೇರೆ ಗಾಡಿಯಲ್ಲಿ ಎರಡು ಗಾಲಿ ಎಳೆಯುತ್ತವೆ, ಇನ್ನೆರಡು ಬರೀ ಜೊತೆಗೆ ಬರುತ್ತವೆ, ಇದರಲ್ಲಿ ನಾಲ್ಕೂ ಎಳೆಯುತ್ತವೆ ಎಂದರೆ, "ಹಂಗಾರ ಇಷ್ಟ ದಿನಾ ಎರಡು ಪುಕ್ಕಟ ತಿರಗ್ಯಾಡತಿದ್ವು ಅನ್ರಿ" ಎನ್ನುತ್ತಿದ್ದರು. ಅದಕ್ಕಿಂತ ಸರಿಯಾದ ವಿವರಣೆ ನನ್ನ ಟ್ಯಾಬಿನಲ್ಲೂ ಇರಲಿಲ್ಲ.

ಆಮೇಲೆ ಆಟೋಮ್ಯಾಟಿಕ್ ಬಂತು. ಮ್ಯಾನೇಜರ್ ಸಾಹೇಬರು ಅದನ್ನು ಚುಟುಕಾಗಿ ಆಟೋ ಎನ್ನಿ ಎಂದರು. ಅಂದೆ. ಬಾಗೇವಾಡಿಯ ಒಬ್ಬ ವ್ಯಾಪಾರಸ್ಥರು ಹೆಂಡತಿ ಮಕ್ಕಳ ಸಮೇತ ಎದ್ದು ನಿಂತರು. "ನಾವು ಕಾರ್ ತಗೊಳ್ಳಾಕ ಬಂದೀವ್ರಿ. ಆಟೋದಾಗ ಬಂದೀವಿ, ಆಟೋ ತಗೊಳ್ಳಾಕ ಬಂದಿಲ್ಲ."

ಆ ಹೊಸ ಗಾಡಿಗಳನ್ನು ಓಡಿಸಲು ಬಂದವರಿಗೆಲ್ಲ ನಾನು ಹೇಳುತ್ತಿದ್ದ ಮೊದಲ ಮಾತು, "ಎಡಗಾಲು ಮನಿಯಾಗ ಬಿಟ್ಟ ಬಂದೀನಿ ಅಂತ ತಿಳೀರಿ." ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಇಲ್ಲ. ಕ್ಲಚ್ ಇರಬೇಕಾದ ಜಾಗದವರೆಗೂ ಬ್ರೇಕಿನ ಪೆಡಲ್ಲೇ ಅಗಲವಾಗಿ ಚಾಚಿಕೊಂಡಿರುತ್ತದೆ. ಗೇರು ಗಾಡಿ ಓಡಿಸಿ ರೂಢಿಯಾದ ಎಡಗಾಲು ಕ್ಲಚ್ ಎಂದುಕೊಂಡು ಅದನ್ನೇ ತಳ ಮುಟ್ಟುವ ಹಾಗೆ ಒದೆಯುತ್ತದೆ. ಸಿಂದಗಿಯ ಒಬ್ಬ ಕಿರಾಣಿ ಅಂಗಡಿಯವರು ನನ್ನ ಮಾತು ಕೇಳದೆ ಬಜಾರದ ನಡುವೆ ಹಾಗೆ ಒದ್ದರು. ಗಾಡಿ ನಿಂತಿತು. ಹಿಂದೆ ಕೂತಿದ್ದ ಅವರ ಭಾವಮೈದುನ ನಿಲ್ಲಲಿಲ್ಲ, ನನ್ನ ಮಡಿಲಿಗೆ ಬಂದರು. ಅಂದಿನಿಂದ ಓಡಿಸುವವರ ಎಡಗಾಲನ್ನು ಸೀಟಿನ ಬುಡಕ್ಕೆ ಮಡಚಿ ಇಡಿಸುವುದೇ ನನ್ನ ವ್ರತವಾಯಿತು. ಎಡಗಾಲಿನಷ್ಟು ದಡ್ಡ ಅಂಗ ದೇಹದಲ್ಲಿ ಇನ್ನೊಂದಿಲ್ಲ ಎಂದು ನಾನು ಎಲ್ಲರ ಮುಂದೆ ಹೇಳುತ್ತಿದ್ದೆ. ಈ ಮಾತು ನೆನಪಿರಲಿ.

ಇನ್ನು ಆಟೋಮ್ಯಾಟಿಕ್ ಎಂದರೆ ಒಂದೇ ಎಂದು ತಿಳಿಯಬೇಡಿ. ಅಗ್ಗದ್ದೊಂದಿದೆ. ಅದು ಹಳೆಯ ಗೇರುಪೆಟ್ಟಿಗೆಯೇ. ನಮ್ಮ ಕಾಲಿನ ಬದಲು ಒಂದು ಯಂತ್ರ ಕ್ಲಚ್ ಒತ್ತುತ್ತದೆ. ಗೇರು ಬದಲಾದಾಗಲೆಲ್ಲ ಒಳಗಿದ್ದವರೆಲ್ಲ ತಲೆ ಆಡಿಸುತ್ತಾರೆ. ಸದಾ ವಾದ ಮಾಡುವ ಮನೆತನದವರಿಗೆ ಅದು ಒಳ್ಳೆಯದು, ನೋಡಿದವರಿಗಾದರೂ ಎಲ್ಲರೂ ಒಪ್ಪಿದಂತೆ ಕಾಣುತ್ತದೆ. ಬೆಲ್ಟಿನದು ಇನ್ನೊಂದು. ಬೆಣ್ಣೆಯಂತೆ ಹೋಗುತ್ತದೆ, ಆದರೆ ಜೋರಾಗಿ ಒತ್ತಿದರೆ ಮೊದಲು ಎಂಜಿನ್ನಿನ ಕೂಗು ಬರುತ್ತದೆ, ಗಾಡಿ ಹಿಂದಿನಿಂದ ಬರುತ್ತದೆ. ಎರಡು ಕ್ಲಚ್ಚಿನದು ಮತ್ತೊಂದು. ಅದು ಹೊಸ ಅಳಿಯನ ಹಾಗೆ. ಭಾರೀ ಚುರುಕು, ಆದರೆ ಕಾಯಿಸಿದರೆ ಕಾಯುತ್ತದೆ. ಕಬ್ಬಿನ ಟ್ರ್ಯಾಲಿಯ ಹಿಂದೆ ತೆವಳುತ್ತಾ ಹೋಗುವ ನಮ್ಮ ರಸ್ತೆಗಳಲ್ಲಿ ಅದರ ಸಿಟ್ಟನ್ನು ತಾಳಿಕೊಳ್ಳುವುದು ಕಷ್ಟ. ಕೊನೆಯದು ಎಣ್ಣೆಯದು. ಅದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಇರುತ್ತದೆ. ಎಂಜಿನ್ ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗೇರನ್ನು ತಿರುಗಿಸುತ್ತದೆ. ಎರಡಕ್ಕೂ ತಿಕ್ಕಾಟವಿಲ್ಲ. ಎರಿ ಭೂಮಿಯ ಕಪ್ಪು ಕೆಸರಿನ ರಾಡಿಯಲ್ಲಿ ನಾಲ್ಕೂ ಗಾಲಿ ಎಳೆಯಬೇಕಾದ ಗಾಡಿಗೆ ನಾನು ಯಾವಾಗಲೂ ಅದನ್ನೇ ಹೇಳುತ್ತಿದ್ದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಈಗ ಹೇಳುವಾಗ ಮಾತ್ರ ಧ್ವನಿ ಸ್ವಲ್ಪ ನಡುಗುತ್ತದೆ.

ನಡುಕ ಕೊಟ್ಟವರು ತಾಂಬಾದ ಕುಲಕರ್ಣಿ ರಾವಸಾಹೇಬರು. ನಿಂಬೆಯ ದೊಡ್ಡ ತೋಟ, ಬಿಳಿ ಧೋತರ, ಗೇರು ಹಾಕುವುದನ್ನು ಗಂಡಸುತನದ ಒಂದು ಭಾಗವೆಂದು ತಿಳಿದ ಜೀವ. ಜೊತೆಗೆ ಅವರ ಹೆಂಡತಿ ಸುಧಾಬಾಯಿ ಬಂದಿದ್ದರು. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮೂರನೆಯವರು ರಾವಸಾಹೇಬರ ಅಕ್ಕ. ಮನೆಯ ಮಕ್ಕಳು ಆತ್ಯಾ ಎಂದು ಕರೆಯುತ್ತಿದ್ದರಿಂದ ಊರೇ ಅವರನ್ನು ಆತ್ಯಾ ಎನ್ನುತ್ತಿತ್ತು. ಸೊಲ್ಲಾಪುರಕ್ಕೆ ಕೊಟ್ಟು, ಬಹಳ ವರ್ಷದ ಮೇಲೆ ತವರಿಗೆ ಮರಳಿದವರು. ಮಾತಿನಲ್ಲಿ ಅರ್ಧ ಮರಾಠಿ.

"ನೋಡ್ರಿ ಸರ," ಎಂದು ರಾವಸಾಹೇಬರು ಶುರು ಮಾಡಿದರು. "ನಮ್ಮ ತೋಟದ ದಾರಿ ಎರಿ ಮಣ್ಣಿಂದು. ಮಳಿ ಬಿತ್ತಂದ್ರ ಕಾಗಿ ಸುದ್ದಾ ಅದರಾಗ ಕಾಲು ಸಿಗಿಸ್ಕೋತದ. ನನಗ ನಾಕೂ ಗಾಲಿ ಎಳಿಯೋ ಗಾಡಿ ಬೇಕು. ಗೇರು ನನ್ನ ಕೈಯಾಗ ಇರಬೇಕು."

"ನನಗ ಎಡಗಾಲಿಗೆ ಕೆಲಸಾ ಇಲ್ಲದ ಗಾಡಿ ಬೇಕು," ಎಂದರು ಸುಧಾಬಾಯಿ.

ಅವರ ಎಡ ಮೊಣಕಾಲಿಗೆ ಆಪರೇಷನ್ ಆಗಿತ್ತು. ಕ್ಲಚ್ ಒತ್ತುವುದು ಸಾಧ್ಯವಿರಲಿಲ್ಲ. ಅದೇ ಹೊತ್ತಿಗೆ ಹೊರ್ತಿಯ ಶಾಲೆಗೆ ವರ್ಗವಾಗಿತ್ತು. ತಾಂಬಾದಿಂದ ಬಸ್ಸು ಬದಲಿಸಿ, ನಿಂತು, ಆ ಕಾಲಿನಲ್ಲಿ ದಿನಾ ಹೋಗಿಬರುವುದು ಆಗದ ಮಾತು. ತಾನೇ ಓಡಿಸಿಕೊಂಡು ಹೋಗುವ ಗಾಡಿ ಸಿಕ್ಕರೆ ನೌಕರಿ, ಇಲ್ಲದಿದ್ದರೆ ಶಾಲೆ ಶುರುವಾಗುವ ಮೊದಲು ಸ್ವಯಂ ನಿವೃತ್ತಿ.

"ಸಾಕ ಮಾಡು ಅಂತ ಹೇಳ್ಲಿಕ್ಕತ್ತೇನಿ," ಎಂದರು ರಾವಸಾಹೇಬರು. "ಲೆಕ್ಕಾ ಕಲಿಸಿ ಏನ ಆಗಬೇಕಾಗ್ಯದ? ಈಗ ಎಲ್ಲಾರ ಫೋನಿನ್ಯಾಗೂ ಲೆಕ್ಕದ ಮಶೀನ್ ಅದ."

"ಹಂಗಾರ ಗೇರು ಹಾಕ್ಲಿಕ್ಕೂ ಮಶೀನ್ ಅದ, ಅದನ್ನ್ಯಾಕ ಒಲ್ಲೆ ಅಂತೀರಿ?"

ರಾವಸಾಹೇಬರು ನನ್ನ ಕಡೆ ತಿರುಗಿದರು. "ತನ್ನಷ್ಟಕ್ಕ ತಾನ ಗೇರು ಹಾಕ್ಕೊಳ್ಳೋ ಗಾಡಿ ನಾಳೆ ತನ್ನಷ್ಟಕ್ಕ ತಾನ ಹೊಂಟ ಹೋದ್ರ ಏನ ಮಾಡೋದ್ರಿ?"

ಎಣ್ಣೆಯ ಗೇರಿನ ವಿವರಣೆ ಕೊಟ್ಟೆ. ಅವರಿಗೆ ಹಿಡಿಸಲಿಲ್ಲ. ಆತ್ಯಾ ಮಾತ್ರ ಕಣ್ಣು ಮುಚ್ಚಿ ಕೇಳಿ, "ತಿಳೀತು ನೋಡು. ಮಜ್ಜಿಗಿ ಕಡಿಯೋ ಮುಂದ ಕಡಗೋಲು ಜೋರ ತಿರಿವಿದ್ರ ಗಡಗೀನೂ ತಿರಗಲಿಕ್ಕೆ ನೋಡ್ತದಲ್ಲಾ, ಹಂಗ," ಎಂದರು. ಅಂದಿನಿಂದ ನಾನು ಎಲ್ಲ ಗಿರಾಕಿಗಳಿಗೂ ಕಡಗೋಲನ್ನೇ ಹೇಳಿದೆ. ಟ್ಯಾಬಿಗಿಂತ ಅದರಿಂದ ಹೆಚ್ಚು ಗಾಡಿ ಹೋದವು.

ಕೊನೆಗೆ ರಾವಸಾಹೇಬರು ಒಂದು ತೀರ್ಪು ಕೊಟ್ಟರು. "ಒಮ್ಮೆ ಓಡಿಸಿ ನೋಡೋಣು. ಭರೋಸಾ ಬಂದ್ರ ಆಟೋ, ಈಕಿ ಹೊರ್ತಿಗೆ ಹೋಗ್ಲಿ. ಬರಲಿಲ್ಲಂದ್ರ ಗೇರು, ಈಕಿ ರಾಜೀನಾಮಾ ಕೊಡ್ಲಿ. ಆಮ್ಯಾಲ ಮಾತಿಲ್ಲ."

ಸುಧಾಬಾಯಿ ಕೈ ಮುಂದೆ ಚಾಚಿದರು. "ವಚನ ಕೊಡ್ರಿ." ರಾವಸಾಹೇಬರು ಷೋರೂಮಿನ ನಡುವೆ ಹೆಂಡತಿಯ ಅಂಗೈ ಮೇಲೆ ಕೈಯಿಟ್ಟರು. ಏನೋ ಒಳ್ಳೆಯದಾಗಿದೆ ಎಂದು ತಿಳಿದು ಮ್ಯಾನೇಜರ್ ಸಾಹೇಬರು ದೂರದಿಂದ ಚಪ್ಪಾಳೆ ತಟ್ಟಿದರು.

ಎಲ್ಲಿ ಓಡಿಸಿ ನೋಡುವುದು ಎಂಬುದನ್ನು ಆತ್ಯಾ ತೀರ್ಮಾನಿಸಿದರು. ಅವರಿಗೆ ಕೃಷ್ಣಾಮಾಯಿಗೆ ಉಡಿ ತುಂಬುವ ಹರಕೆ ಬಾಕಿಯಿತ್ತು. ತಂಗಡಗಿಯ ಕೃಷ್ಣಾ ಹೊಳೆ ದಂಡೆಗೆ ಹೋಗುವುದು, ಹೊಳೆಗೆ ಸೀರೆ ಕುಪ್ಪಸ ಕೊಟ್ಟು ಉಡಿ ತುಂಬುವುದು, ಗಾಡಿಗೂ ಅಲ್ಲೇ ಪೂಜೆ ಮಾಡುವುದು. ಇದು ಮಾರುವ ಗಾಡಿಯಲ್ಲ, ಓಡಿಸಿ ನೋಡಲು ಇಟ್ಟದ್ದು, ಕೊಂಡ ಮೇಲೆ ಪೂಜೆ ಮಾಡಿ ಎಂದು ಹೇಳಿ ನೋಡಿದೆ. "ತಗೊಂಡ ಮ್ಯಾಲ ದೇವರನ್ನ ಕೇಳಿ ಏನ ಉಪಯೋಗ?" ಎಂದರು. ಅವರ ಮಾತೂ ಸರಿಯೇ. ಹಾಗೆ ವಿಚಾರ ಮಾಡುವವರು ನಾಲ್ಕೂ ತಾಲೂಕಿನಲ್ಲಿ ಬಹಳ ಜನ ಇದ್ದರು. ಆ ಡೆಮೋ ಗಾಡಿಯ ಬಾನೆಟ್ಟಿನ ಸಂದಿಯಲ್ಲಿ ಕುಂಕುಮ ಅರಿಸಿನ ಕೂತು ಹೋಗಿತ್ತು. ಅಷ್ಟು ಪೂಜೆ ಮಾಡಿಸಿಕೊಂಡು ಯಾರ ಮನೆಗೂ ಹೋಗದ ಗಾಡಿ ಇನ್ನೊಂದಿರಲಾರದು.

ಒಂದು ಬೆಳಿಗ್ಗೆ ಸಿಂದಗಿಯಿಂದ ಹೊರಟೆವು. ಸುಧಾಬಾಯಿ ಓಡಿಸಿದರು. ರಾವಸಾಹೇಬರು ಅವರ ಪಕ್ಕ ಎಡಗಡೆ, ಆತ್ಯಾ ಮತ್ತು ನಾನು ಹಿಂದೆ. ಆತ್ಯಾ ಮಡಿಲಲ್ಲಿ ಬುತ್ತಿಯ ಡಬ್ಬಿ, ನನ್ನ ಮಡಿಲಲ್ಲಿ ತಾಂಬಾದ ನಿಂಬೆಹಣ್ಣಿನ ಚೀಲ. ಪೂಜೆಗೆ ಬೇಕಾದದ್ದು ನಾಲ್ಕು ಹಣ್ಣು, ತಂದದ್ದು ಒಂದು ಚೀಲ. ನಿಂಬೆ ತೋಟದವರಿಗೆ ಬಿಡಿ ಹಣ್ಣು ತರಲು ಬರುವುದಿಲ್ಲ.

ಮದುವೆಗೆ ಮುಂಚೆ ತಂದೆಯ ಜೀಪು ಓಡಿಸಿದ್ದ ಸುಧಾಬಾಯಿ ಬಹಳ ನೇರವಾಗಿ, ಗೆರೆ ಎಳೆದಂತೆ ಓಡಿಸುತ್ತಿದ್ದರು. ಎಡಗಾಲು ಸೀಟಿನ ಬುಡದಲ್ಲಿ ಸುಖವಾಗಿತ್ತು. ರಾವಸಾಹೇಬರು ಮೆಚ್ಚಲು ತಯಾರಿರಲಿಲ್ಲ.

"ರಸ್ತಾನ ಛಲೋ ಅದ, ಎತ್ತಿನ ಗಾಡೀನೂ ಹೀಂಗ ಹೋಗ್ತದ."

"ಹಂಗಾರ ಎತ್ತಿನ ಗಾಡಿನ ತಗೊಳ್ರಿ. ಅದೂ ಆಟೋಮ್ಯಾಟಿಕ್ಕ. ಹೊಡಿಯಾವ್ರು ಮಲಗಿದ್ರೂ ಮನಿಗೆ ಬರ್ತದ."

ಬಾಗೇವಾಡಿ ದಾಟುವಾಗ ಆತ್ಯಾ ಮುಂದಕ್ಕೆ ಬಗ್ಗಿ ಗೇರಿನ ಹಿಡಿಕೆಯ ಪಕ್ಕದ ಅಕ್ಷರಗಳನ್ನು ಓದಿದರು. ಪಿ, ಆರ್, ಎನ್, ಡಿ. ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ.

"ಭಾಳ ಸೋಪಾ ಅದನೋ ರಾಘೂ, ಏನೂ ಕಠಿಣ ಇಲ್ಲ," ಎಂದು ತಮ್ಮನಿಗೆ ಹೇಳಿದರು. "ಪಿ ಅಂದ್ರ ಪುಢ. ಮರಾಠಿಯೊಳಗ ಪುಢ ಅಂದ್ರ ಮುಂದ. ಆರ್ ಅಂದ್ರ ರೈಟ್, ಹೊಂಡು ಅಂತ. ಎನ್ ಅಂದ್ರ ನಿಲ್ಲು. ಡಿ ಅಂದ್ರ ದೌಡ."

"ಆತ್ಯಾ, ಪಿ ಅಂದ್ರ ಪಾರ್ಕಿಂಗ್. ಆರ್ ಅಂದ್ರ ರಿವರ್ಸ್, ಹಿಂದ ಹೋಗೋದು," ಎಂದು ಸುಧಾಬಾಯಿ ತಿದ್ದಿದರು.

"ಇಂಗ್ಲಿಷಿನ್ಯಾಗ ಇರಬಹುದವಾ. ಗಾಡಿ ಓಡೋದು ನಮ್ಮ ಕಡೆ ಅಲ್ಲಾ?"

ಎಲ್ಲರೂ ನಕ್ಕೆವು. ನಾನೂ ಬಹಳ ನಕ್ಕೆ. ರಾವಸಾಹೇಬರು ನಗುತ್ತಲೇ ಬೆರಳು ಮಡಚುತ್ತಾ "ಪುಢ, ರೈಟ್, ನಿಲ್ಲು, ದೌಡ" ಎಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಆ ಬೆರಳುಗಳನ್ನು ನಾನು ನೋಡಿದೆ. ನೋಡಿಯೂ ನಗುತ್ತಿದ್ದೆ. ಬೇಡವೆಂದರೂ ಈಗಲೂ ಮೊದಲು ನೆನಪಾಗುವುದು ಆ ಬೆರಳುಗಳೇ.

ಮುದ್ದೇಬಿಹಾಳ ಹಾದು ತಂಗಡಗಿಗೆ ಬಂದು, ಊರಿನಿಂದ ಸ್ವಲ್ಪ ಆಚೆ, ದನ ನೀರಿಗಿಳಿಸುವ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದೆವು. ಹೊಳೆ ತುಂಬಿತ್ತು. ಸುಧಾಬಾಯಿ ಗಾಡಿಯನ್ನು ತಿರುಗಿಸಿ, ಮೂತಿ ರಸ್ತೆಯ ಕಡೆ, ಬೆನ್ನು ಹೊಳೆಯ ಕಡೆ ಮಾಡಿ ನಿಲ್ಲಿಸಿದರು. ಮರಳುವಾಗ ಸುಲಭ ಎಂದು. ಹೊಳೆಯಲ್ಲಿ ಒಬ್ಬ ಯಜಮಾನ ಎಮ್ಮೆಯ ಮೈ ತೊಳೆಯುತ್ತಿದ್ದ. ದಂಡೆಯಿಂದ ಕೆಲವೇ ಹೆಜ್ಜೆ ಆಚೆ ಆಳ ಎಷ್ಟೆಂದು ನಾನು ಸುಮ್ಮನೆ ಮಾತಿಗೆ ಕೇಳಿದೆ. "ಎಮ್ಮಿ ಸುದ್ದಾ ಅದರಾಚಿ ಹೋಗಂಗಿಲ್ಲರಿ," ಎಂದ. ನನಗೆ ಈಜು ಬರುವುದಿಲ್ಲ.

ಉಡಿ ತುಂಬಿದ್ದಾಯಿತು. ಗಾಡಿಗೆ ಆರತಿ ಆಯಿತು. ಎಮ್ಮೆಯ ಯಜಮಾನ ಎಮ್ಮೆಯನ್ನು ಅಲ್ಲೇ ಬಿಟ್ಟು ಮೇಲೆ ಬಂದು, ತಾನಾಗಿಯೇ ಮುಂದೆ ನಿಂತು ಕಾಯಿ ಒಡೆದ, ನಾಲ್ಕೂ ಗಾಲಿಯ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟ. ಗಾಡಿ ಮುಂದಕ್ಕೆ ಹೋಗಿ ಅವುಗಳನ್ನು ಒಡೆಯಬೇಕು. ಆಗ ರಾವಸಾಹೇಬರು ಧೋತರ ಸರಿ ಮಾಡಿಕೊಂಡು, "ನಿಂಬಿಹಣ್ಣಿನ ಮ್ಯಾಲ ಮನಿ ಯಜಮಾನ ಹಾಯಿಸಬೇಕು," ಎಂದು ಚಾಲಕನ ಸೀಟಿಗೆ ಬಂದರು. ಸುಧಾಬಾಯಿ ಪಕ್ಕದ ಸೀಟಿಗೆ ಹೋಗಿ ಕೂತರು. ಆತ್ಯಾ ಮತ್ತು ನಾನು ಮತ್ತೆ ಹಿಂದೆ.

"ಎಡಗಾಲು ಮಡಚ್ರಿ ರಾವಸಾಹೇಬ್ರ," ಎಂದೆ.

"ನಾ ಏನ ಊಟಕ್ಕ ಕೂತೇನೇನ್ರಿ?" ಎಂದರು. ಮಡಚಲಿಲ್ಲ. ನಾನು ಹೇಳಿದಂತೆ ಬ್ರೇಕೇನೋ ಒತ್ತಿದರು, ಹಿಡಿಕೆಗೆ ಕೈ ಹಾಕಿದರು.

ಅದೇ ಕ್ಷಣಕ್ಕೆ ಹೊರಗಿದ್ದ ಯಜಮಾನ, ಬಸ್ಸಿಗೆ ಬಡಿಯುವ ಹಾಗೆ ನಮ್ಮ ಬಾನೆಟ್ಟಿಗೆ ಅಂಗೈಯಿಂದ ಎರಡು ಸಲ ಬಡಿದು ಕೂಗಿದ. "ರೈಟ್, ರೈಟ್!"

ರಾವಸಾಹೇಬರ ಕೈ ಆರ್ ಮೇಲೆ ನಿಂತಿತು. ಬ್ರೇಕ್ ಬಿಟ್ಟರು.

ಗಾಡಿ ಕುಂಯ್ ಕುಂಯ್ ಎನ್ನತೊಡಗಿತು. ಹಿಂದಿನ ಕ್ಯಾಮೆರಾ ಚಾಲೂ ಆಗಿ ಮುಂದಿನ ಪರದೆಯ ಮೇಲೆ ಹೊಳೆ ಕಾಣಿಸಿತು. ಆತ್ಯಾ ಥಟ್ಟನೆ ಕೈ ಮುಗಿದರು. "ಅಗ ಬಾಯಿ! ಟೀವಿಯೊಳಗ ಕೃಷ್ಣಾಮಾಯಿ ದರ್ಶನ!"

ಗಾಡಿ ಹಿಂದಕ್ಕೆ ಹೊರಟಿತು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ರಾವಸಾಹೇಬರಿಗೂ ಅದು ಗೊತ್ತಾಯಿತು. ಆದರೆ ಅವರು ತಿಳಿದದ್ದು ಗಾಡಿಗೆ ಏರು ಹತ್ತುವ ಶಕ್ತಿ ಸಾಲದೆ ಜಾರುತ್ತಿದೆ ಎಂದು.

"ನಾ ಹೇಳಿದ್ದಿಲ್ಲಾ? ಈ ಆಟೋಕ್ಕ ದಮ್ಮಿಲ್ಲ!" ಎಂದು ಆಕ್ಸಿಲರೇಟರ್ ಒತ್ತಿದರು. ಗಾಡಿ ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. "ನೋಡ್ರಿ, ನೋಡ್ರಿ, ಎಷ್ಟ ಜಾರ್ಲಿಕ್ಕತ್ತದ!" ಎಂದು ಇನ್ನೂ ಒತ್ತಿದರು.

ಪರದೆಯ ಮೇಲೆ ಹೊಳೆಯ ಅಂಚಿನಲ್ಲಿ ಎಮ್ಮೆ ನಿಂತಿತ್ತು. "ಆ ಎಮ್ಮಿ ಯಾಕ ದೊಡ್ಡದಾಗ್ಲಿಕ್ಕತ್ತದ?" ಎಂದರು ಆತ್ಯಾ, ಕೈ ಮುಗಿದುಕೊಂಡೇ.

ನಾನು ಬ್ರೇಕ್ ಎಂದು ಕೂಗಲು ಬಾಯಿ ತೆರೆದೆ. ದಿನಾ ಗಿರಾಕಿಗಳ ಮುಂದೆ ಆಡಿದ ನಾಲಿಗೆ ತನ್ನ ದಾರಿ ಹಿಡಿಯಿತು. "ಬಣ್ಣ... ಬಣ್ಣ ಯಾವುದ ಬೇಕ್ರಿ..." ಎಂದೆ. ಹಾಗೆಂದೆ ಎಂದು ಆಮೇಲೆ ಆತ್ಯಾ ಹೇಳಿದರು. ನನಗೆ ನೆನಪಿರುವುದು ಎಮ್ಮೆಯ ಮೂಗಿನ ಹೊಳ್ಳೆ ಮಾತ್ರ. ಪರದೆಯ ತುಂಬ ಬಂದಿತ್ತು.

ಆಗ ಸುಧಾಬಾಯಿ ಕೂಗಿದರು. ಕೊನೆಯ ಬೆಂಚಿನವರೂ ಎದ್ದು ನಿಲ್ಲುವಂಥ ಶಾಲೆಯ ಕೂಗು. "ಅಹೋ! ಕ್ಲಚ್ ಒತ್ರಿ!"

ಆ ಗಾಡಿಯಲ್ಲಿ ಕ್ಲಚ್ಚೇ ಇರಲಿಲ್ಲ. ಆದರೆ ರಾವಸಾಹೇಬರ ಎಡಗಾಲಿಗೆ ಅದು ಗೊತ್ತಿರಲಿಲ್ಲ. ಜೀವಮಾನವೆಲ್ಲ ಒಂದೇ ಕೆಲಸ ಮಾಡಿದ ಆ ಕಾಲು ಕ್ಲಚ್ ಎಂಬ ಶಬ್ದ ಕೇಳಿದ್ದೇ ತಡ, ಇದ್ದ ಬಲವನ್ನೆಲ್ಲ ಹಾಕಿ ಒದೆಯಿತು. ಒದ್ದದ್ದು ಅಗಲವಾದ ಬ್ರೇಕ್ ಪೆಡಲನ್ನು. ರೂಢಿಯಂತೆ ಬಲಗಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು. ಗಾಡಿ ಗಕ್ಕನೆ ನಿಂತಿತು. ಹಿಂದಿನ ಗಾಲಿ ನೀರಿನಲ್ಲಿ, ಮುಂದಿನವು ರಾಡಿಯಲ್ಲಿ. ಬುತ್ತಿಯ ಡಬ್ಬಿ ಹಾರಿ ಬಾಯಿ ತೆರೆದುಕೊಂಡು ನನ್ನ ಮೇಲೆ ಬಿತ್ತು.

ಓಡಿ ಬಂದ ಎಮ್ಮೆಯ ಯಜಮಾನ ಕಿಟಕಿಯಲ್ಲಿ ನನ್ನನ್ನು ನೋಡಿ ಹೌಹಾರಿದ. "ಅಯ್ಯಯ್ಯೋ, ಸರಗ ರಗತಾ ಬರಾಕತ್ತೈತ್ರಿ!"

ಅಂಗಿಯೆಲ್ಲ ಕೆಂಪಾಗಿದ್ದುದನ್ನು ನಾನೂ ನೋಡಿಕೊಂಡೆ. ಮುಗಿಯಿತು ಎಂದುಕೊಂಡೆ. ತುಟಿಗೆ ತಾಗಿದ್ದನ್ನು ನೆಕ್ಕಿದರೆ ಬೆಳ್ಳುಳ್ಳಿಯ ವಾಸನೆ. ಶೇಂಗಾ ಚಟ್ನಿ. ಬಹಳ ರುಚಿಯಾಗಿತ್ತು. ಅದರ ರುಚಿ ನೋಡುತ್ತಾ ನಾನು ಅತ್ತೆ.

ಪರದೆಯ ಮೇಲೆ ಈಗ ಎಮ್ಮೆಯ ಮುಖವೂ ಇರಲಿಲ್ಲ. ಅದು ಕ್ಯಾಮೆರಾ ನೆಕ್ಕುತ್ತಿತ್ತು. ಬರೀ ನಾಲಿಗೆ.

"ಕೋಣ ಅಲ್ಲ, ಎಮ್ಮಿ ಅದ ನೋಡು," ಎಂದರು ಆತ್ಯಾ ನಿಧಾನವಾಗಿ. "ಕೋಣ ಇದ್ದಿದ್ರ ಯಮಧರ್ಮ ಬಂದಾನ ಅಂತಿದ್ದೆ. ನಮ್ಮ ಟೈಮ್ ಇನ್ನೂ ಆಗಿಲ್ಲ."

ಸುಧಾಬಾಯಿ ಕೈ ಚಾಚಿ ಹಿಡಿಕೆಯನ್ನು ಪಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದರು. ರಾವಸಾಹೇಬರು ಬಾಗಿಲು ತೆರೆದು ರಾಡಿಯಲ್ಲಿ ಇಳಿದು, ಧೋತರ ಎತ್ತಿ ಹಿಡಿದು ನಿಂತರು. ಎಮ್ಮೆಯ ಯಜಮಾನ ಅವರಿಗೆ ಸಮಾಧಾನವಾಗಿ ತಿಳಿಸಿ ಹೇಳುತ್ತಿದ್ದ. "ಸಾಹೇಬ್ರ, ರೈಟ್ ಅಂದ್ರ ಮುಂದಕರಿ. ನಿಲ್ಲಾಕ ಹೋಲ್ಡಾನ್. ಸಣ್ಣ ಹುಡುಗ್ರಿಗೂ ಗೊತ್ತೈತಲ್ಲರಿ."

ಗಾಡಿಯನ್ನು ಮೇಲೆ ತರಬೇಕಿತ್ತು. ಅದು ನನ್ನ ಕೆಲಸ. ನಾನು ಇಳಿಯಲು ನೋ‍ಡಿದೆ, ಮೊಣಕಾಲು ಕೇಳಲಿಲ್ಲ. ಎರಡೂ. ಸುಧಾಬಾಯಿ ಒಂದು ಮೊಣಕಾಲು ಸರಿಯಿಲ್ಲದವರು, ಒಳಗಿನಿಂದಲೇ ಸರಿದು ಚಾಲಕನ ಸೀಟಿಗೆ ಬಂದರು.

"ಸರ, ನಾಕೂ ಗಾಲಿ ಎಳಿಯೋದು ಹೆಂಗ ಹಾಕೋದು, ಅಷ್ಟ ಹೇಳ್ರಿ. ಅಳೋದು ಆಮ್ಯಾಲ ಅಳ್ರಿ."

ಹೇಳಿದೆ. ಬ್ರೇಕ್ ಒತ್ತಿ, ಹಿಡಿಕೆ ಎನ್‌ಗೆ ತಂದು, ನಾಲ್ಕೂ ಗಾಲಿಯ ಗುಂಡಿಯನ್ನು ನಿಧಾನದ ಎಳೆತಕ್ಕೆ ತಿರುಗಿಸಿ, ಆಮೇಲೆ ಡಿ. ಹ್ಯಾಂಡ್ ಬ್ರೇಕ್ ಬಿಟ್ಟರು. ಹೆಚ್ಚು ಒತ್ತಲಿಲ್ಲ. ಗಾಡಿ ಒಂದು ಸಲ ಉಸಿರು ಬಿಟ್ಟ ಹಾಗೆ ಮಾಡಿ, ನಾಲ್ಕೂ ಗಾಲಿಯನ್ನು ರಾಡಿಯಿಂದ ಒಂದೊಂದಾಗಿ ಬಿಡಿಸಿಕೊಂಡು, ಏನೂ ಆಗದವರ ಹಾಗೆ ಮೇಲೆ ಹತ್ತಿತು. ದಾರಿಯಲ್ಲಿ ಚಟ್ ಚಟ್ ಎಂದು ಸದ್ದಾಯಿತು. ನಿಂಬೆಹಣ್ಣು.

ಮೇಲೆ ಬಂದು ನೋಡಿದರೆ ಅದೊಂದು ಹೊಸ ತಕರಾರು. ಹಿಂದಿನ ಗಾಲಿಯ ಮುಂದಿಟ್ಟ ಹಣ್ಣುಗಳನ್ನು ಹಿಂದಕ್ಕೆ ಹೋಗುವಾಗಲೇ ಮುಂದಿನ ಗಾಲಿ ಒಡೆದಿತ್ತು. ಪೂಜೆ ಸಂದಿತೋ ಇಲ್ಲವೋ ಎಂದು ಆತ್ಯಾ ಮತ್ತು ಎಮ್ಮೆಯ ಯಜಮಾನ ಬಹಳ ಹೊತ್ತು ಚರ್ಚಿಸಿದರು. ಚೀಲದಲ್ಲಿ ಇನ್ನೂ ಹಣ್ಣಿದ್ದವು, ಆದರೆ ಮತ್ತೊಮ್ಮೆ ಇಡುತ್ತೇನೆ ಎಂದು ಯಾರೂ ಅನ್ನಲಿಲ್ಲ.

ಮರಳಿ ಬಾಗೇವಾಡಿಯವರೆಗೆ ಸುಧಾಬಾಯಿಯವರೇ ಓಡಿಸಿದರು. ಅಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ನಾನು ಸುಧಾಬಾಯಿಯವರನ್ನು ಮೆಲ್ಲಗೆ ಕೇಳಿದೆ. "ಟೀಚರ್, ಬ್ರೇಕ್ ಅನ್ನೋದು ಬಿಟ್ಟು ಕ್ಲಚ್ ಅಂದ್ರಿ. ಗಾಬರಿಗೆ ಅಂದ್ರೋ?"

"ಬ್ರೇಕ್ ಅಂದಿದ್ರ ಬಲಗಾಲು ವಿಚಾರ ಮಾಡ್ತಿತ್ತು ಸರ. ಅದು ಆಕ್ಸಿಲರೇಟರ್ ಬಿಡಬೇಕು, ಸರೀಬೇಕು, ಒತ್ತಬೇಕು. ಎಡಗಾಲು ಖಾಲಿ ಇತ್ತು. ಅದಕ್ಕ ವಿಚಾರ ಮಾಡೋದು ಗೊತ್ತಿಲ್ಲ. ಅಂಥಾ ಹುಡುಗರಿಗೆ ಲೆಕ್ಕಾ ತಿಳಿಸಿ ಹೇಳಬಾರದು, ಅವರಿಗೆ ಬರೋದನ್ನ ಕೇಳಬೇಕು."

ಎಡಗಾಲಿನ ಬಗ್ಗೆ ನಾನು ಆಡಿದ ಮಾತನ್ನೆಲ್ಲ ಅಂದೇ ಹಿಂದಕ್ಕೆ ತೆಗೆದುಕೊಂಡೆ.

ಎದುರು ಬೆಂಚಿನಲ್ಲಿ ಕೂತಿದ್ದ ರಾವಸಾಹೇಬರು ಕಪ್ಪು ಕೆಳಗಿಟ್ಟರು. "ಸರ, ಈ ಗಾಡಿ ಮ್ಯಾಲ ನನಗ ಭರೋಸಾ ಬರಲಿಲ್ಲ."

ಸುಧಾಬಾಯಿ ಚಹಾ ಕುಡಿಯುವುದನ್ನು ನಿಲ್ಲಿಸಿದರು. ವಚನ ವಚನವೇ. ಅವರು ತಲೆ ತಗ್ಗಿಸಲಿಲ್ಲ, ರಸ್ತೆಯ ಕಡೆ ನೋಡಿದರು. ನಾನೂ ರಸ್ತೆಯ ಕಡೆ ನೋಡಿದೆ.

"ನನ್ನ ಮ್ಯಾಲೂ ಬರಲಿಲ್ಲ," ಎಂದರು ರಾವಸಾಹೇಬರು. "ಅಷ್ಟ ಮಂದಿಯೊಳಗ ಭರೋಸಾ ಬಂದಿದ್ದು ಈಕಿ ಒಬ್ಬಾಕಿ ಮ್ಯಾಲ. ಆಟೋನ ಕೊಡ್ರಿ. ಆದ್ರ ನಂದೊಂದು ಕಂಡೀಷನ್. ಆ ಆರ್ ತಗಸಿ ಕೊಡ್ರಿ."

"ಆರ್ ತಗದ್ರ ಹಿಂದ ಹೆಂಗ ತಗೋತೀರಿ, ರಾವಸಾಹೇಬ್ರ?"

"ನಮ್ಮ ಅಂಗಳಾ ದೊಡ್ಡದದ. ಸುತ್ತು ಹಾಕಿ ತಿರಗಿಸ್ತೀವಿ."

ಈ ಬೇಡಿಕೆಯನ್ನು ನಾನು ಮ್ಯಾನೇಜರ್ ಸಾಹೇಬರ ಮುಂದೆ ಹೇಳಿದಾಗ ಅವರು ಟ್ಯಾಬಿನಲ್ಲಿ ಬಹಳ ಹೊತ್ತು ಹುಡುಕಿ, "ಆ ಮಾಡೆಲ್ ನಮ್ಮ ಭಾಗಕ್ಕೆ ಇನ್ನೂ ಬಿಟ್ಟಿಲ್ಲ," ಎಂದರು. ಅವರು ಹೇಳಿದ್ದು ತಮಾಷೆಗಲ್ಲ.

ಈ ಕೆಲಸಕ್ಕೆ ಬರುವ ಹೊಸಬರಿಗೆ ನನ್ನ ಬುದ್ಧಿಮಾತು ಇಷ್ಟೇ. ಗಿರಾಕಿ ಓಡಿಸುವ ಮೊದಲು ಆ ನಾಲ್ಕು ಅಕ್ಷರಗಳ ಅರ್ಥವನ್ನು ನೀವು ಹೇಳಬೇಡಿ, ಅವರ ಬಾಯಿಂದ ಕೇಳಿ. ಬಂದದ್ದನ್ನು ಕೇಳಿ ಬೆಚ್ಚಿ ಬೀಳುತ್ತೀರಿ. ಬೀಳುವುದು ಷೋರೂಮಿನಲ್ಲೇ ಆಗಲಿ.

ಮೊನ್ನೆ ಹೊರ್ತಿಗೆ ಹೋಗಬೇಕಾಗಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಗಾಡಿ ಬಂದು ನಿಂತಿತು. ಸುಧಾಬಾಯಿ. "ಹತ್ರಿ ಸರ." ಹತ್ತಿದೆ. ಅವರ ಪಕ್ಕದಲ್ಲಿ ರಾವಸಾಹೇಬರು, ಎಡಗಾಲನ್ನು ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಮಡಚಿಕೊಂಡಿದ್ದರು. ನಿಂಬೆ ವ್ಯಾಪಾರದ ಮಾತುಕತೆಯನ್ನೆಲ್ಲ ಈಗ ಹೊರ್ತಿಯಲ್ಲೇ ಇಟ್ಟುಕೊಂಡಿದ್ದಾರಂತೆ. ದಿನಾ ಜೊತೆಗೆ ಹೋಗಿ ಜೊತೆಗೆ ಬರುತ್ತಾರೆ. ಗೇರಿನ ಹಿಡಿಕೆಯ ಪಕ್ಕದಲ್ಲಿ ಬಿಳಿ ಪಟ್ಟಿ ಅಂಟಿಸಿ, ಬೋರ್ಡಿನ ಮೇಲೆ ಬರೆಯುವಂಥ ದುಂಡಕ್ಷರದಲ್ಲಿ ಬರೆದಿತ್ತು. ನಿಲ್ಲು. ಹಿಂದ. ಸುಮ್ಮ. ಮುಂದ.

ದಾರಿಯಲ್ಲಿ ಒಂದು ಕುರಿ ಹಿಂಡು ಅಡ್ಡ ಬಂತು. ಸುಧಾಬಾಯಿ ನಿಲ್ಲಿಸಿದರು. ಶಾಲೆಯ ಪ್ರಾರ್ಥನೆಯ ಹೊತ್ತಾಗಿತ್ತು, ಗಡಿಯಾರ ನೋಡಿಕೊಂಡರು. ಕೊನೆಯ ಕುರಿ ದಾಟಿದ ಕೂಡಲೇ ರಾವಸಾಹೇಬರ ಬಾಯಿಂದ ಬಂತು. "ರೈ..."

ನಾನು ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದೆ. ಸುಧಾಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ರಾವಸಾಹೇಬರು ಉಳಿದ ಅರ್ಧವನ್ನು ನುಂಗಿದರು.

"ಮುಂದ," ಎಂದರು. "ಮುಂದ ನಡೀರಿ, ಟೀಚರ್. ಹುಡುಗರು ಕಾಯ್ಲಿಕ್ಕತ್ತಿರ್ತಾರ."

ಗಾಡಿ ಮುಂದಕ್ಕೇ ಹೊರಟಿತು. ನಾನು ಒಂದು ಕೈ ಬಿಟ್ಟೆ.